ಹಳೆಯ ಟೇಪಿಗೆ ಮರಳಿದ ಭಾನುವಾರ

ಹಾಸನದಲ್ಲಿ ನಾನು ಕೆಲಸ ಮಾಡುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜಿನ ಒಳಕೋಣೆಗೆ ಹೋಗಬೇಕಾದರೆ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡಬೇಕಿತ್ತು. ಧೂಳು ಒಳಗೆ ಬರಬಾರದೆಂದು ಮಾಡಿದ ನಿಯಮ. ಒಳಗೆ ಏಸಿಯ ಚಳಿ ಎಷ್ಟಿತ್ತೆಂದರೆ ಯುಗಾದಿಯ ಬಿಸಿಲಲ್ಲೂ ನಾನು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಎಕ್ಸ್‌ಚೇಂಜೆಂದರೆ ತಂತಿಗಳ ಗೋಜಲು ಎಂದು ಜನ ತಿಳಿದಿದ್ದರು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅದು ನಿಜವಾಗಿ ಒಂದು ದೊಡ್ಡ ಕಂಪ್ಯೂಟರು. ಬೀರುಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಕೋಣೆಯ ತುಂಬ ನಿಂತಿತ್ತು. ಯಾರು ಯಾವ ನಂಬರು ಒತ್ತಿದರೂ ಆ ಕರೆ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುತ್ತಿದ್ದುದು ಅದರೊಳಗಿನ ಪ್ರೋಗ್ರಾಮು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಇದ್ದದ್ದು ಇದರದೇ ಮರಿಗಳು. ತಮ್ಮೂರೊಳಗಿನ ಮಾತನ್ನು ಅವು ತಾವೇ ನೋಡಿಕೊಳ್ಳುತ್ತಿದ್ದವು. ಊರಾಚೆಯ ಮಾತೆಲ್ಲ ನಮ್ಮ ಕೋಣೆಯನ್ನು ಹಾಯ್ದೇ ಹೋಗಬೇಕಿತ್ತು.

ನಮ್ಮದು ಹೊಳೆನರಸೀಪುರದ ಮನೆತನ. ತಾತ ಪೂಜೆ ಮಾಡುತ್ತಿದ್ದರು, ಅಪ್ಪ ಮೇಷ್ಟರು. ನಾನು ಇಂಜಿನಿಯರಿಂಗ್ ಓದಿ ಈ ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ಯಾರಿಗೂ ನನ್ನ ಕೆಲಸ ಏನೆಂದು ಸರಿಯಾಗಿ ಅರ್ಥವಾಗಿರಲಿಲ್ಲ. "ಫೋನ್ ರಿಪೇರಿ" ಎಂದು ಅಮ್ಮ ನೆಂಟರಿಗೆ ಹೇಳುತ್ತಿದ್ದಳು. ನಾನೂ ತಿದ್ದುತ್ತಿರಲಿಲ್ಲ.

ಒಳಕೋಣೆಯ ಪಕ್ಕದಲ್ಲಿ ದೂರು ಬರೆದುಕೊಳ್ಳುವ ಸಣ್ಣ ಕೋಣೆ. ಅಲ್ಲಿ ಶಾಂತಿಗ್ರಾಮದ ಕಡೆಯ ಒಬ್ಬ ಹೆಂಗಸು ಕೂರುತ್ತಿದ್ದರು. ನಿವೃತ್ತಿಗೆ ಹತ್ತಿರವಾದವರು. ಹಿಂದೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವ ಕಾಲದಲ್ಲಿ ಆಪರೇಟರಾಗಿದ್ದರು. ಕೈಯಿಂದ ತಂತಿ ಚುಚ್ಚಿ ಕರೆ ಕೂಡಿಸುವ ಆ ಕಾಲದ ಬೋರ್ಡುಗಳನ್ನೆಲ್ಲ ತೆಗೆದ ಮೇಲೆ ಅವರನ್ನು ಈ ಕುರ್ಚಿಗೆ ಹಾಕಿದ್ದರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಬೆಳಗಿನಿಂದ ಸಂಜೆಯವರೆಗೆ ಹೆಡ್‌ಫೋನ್ ಹಾಕಿಕೊಂಡು ಜನರ ಬೈಗುಳ ಕೇಳುವುದೇ ಅವರ ಕೆಲಸ. ಬೈದವರಿಗೂ "ಆಯ್ತು ಕಣಪ್ಪ, ಬರ್ಕಂಡಿವ್ನಿ" ಎಂದೇ ಉತ್ತರ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಬೆಂಗಳೂರಿನ ಮುಖ್ಯ ಕಚೇರಿಯಿಂದ ಹೊಸ ಸಾಫ್ಟ್‌ವೇರಿನ ಟೇಪು ಬಂತು. ಹಳೆಯದನ್ನು ತೆಗೆದು ಇದನ್ನು ಹಾಕಿದರೆ ಗ್ರಾಹಕರು ತಮ್ಮ ಫೋನಿನ ಎಸ್‌ಟಿಡಿಗೆ, ಅಂದರೆ ಊರಾಚೆಯ ಕರೆಗೆ, ತಾವೇ ಬೀಗ ಹಾಕಿಕೊಳ್ಳಬಹುದು, ಇನ್ನೂ ಒಂದಷ್ಟು ಸೌಲಭ್ಯಗಳಿವೆ ಎಂದು ಹೇಳಿದ್ದರು. ಬೆಂಗಳೂರಿನಿಂದ ಬಂದ ಇಬ್ಬರು ಇಂಜಿನಿಯರುಗಳ ಜೊತೆ ಕೂತು ನಾನೇ ಹಾಕಿದೆ. ಏನೂ ತೊಂದರೆಯಾಗಲಿಲ್ಲ. ಪರದೆಯ ಮೇಲೆ ಎಲ್ಲವೂ ಸರಿ ಎಂದು ಬಂತು. ಅವರು ಊಟ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿದರು. ನಮ್ಮ ಸಾಹೇಬರು, ಮೈಸೂರಿನ ಕಡೆಯವರು, ಒಳ್ಳೆಯ ಮನುಷ್ಯ, ಹೊಸ ಸೌಲಭ್ಯದ ಸುದ್ದಿ ಕೊಡಲು ಪತ್ರಿಕೆಯವರನ್ನು ಕರೆಯುವ ಏರ್ಪಾಡಿಗೆ ತೊಡಗಿದರು.

ಕೆಲವು ದಿನಗಳಾದ ಮೇಲೆ ಅಕ್ಕ ಒಳಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು.

"ಅರಕಲಗೂಡ್ನೋರು ಒಂದೇ ಸಮ ಫೋನ್ ಮಾಡ್ತಾವ್ರೆ ಕಣವ್ವ. ಅಲ್ಲಿಂದ ಇಲ್ಲಿಗ್ ಮಾಡುದ್ರೆ ಸರಿಯಾಗೈತಂತೆ. ಇಲ್ಲಿಂದ ಅಲ್ಲಿಗ್ ಮಾಡುದ್ರೆ ಒಂದ್ ಕಡೆ ಕೇಳಂಗೇ ಇಲ್ವಂತೆ."

ನಾನು ಪರದೆ ನೋಡಿದೆ. ಅರಕಲಗೂಡಿನ ಸಾಲಿನಲ್ಲಿ ಯಾವ ದೋಷವೂ ಇಲ್ಲ. ಕರೆಗಳು ಹೋಗುತ್ತಿವೆ, ಎತ್ತುತ್ತಿದ್ದಾರೆ, ಇಡುತ್ತಿದ್ದಾರೆ. ಕಂಪ್ಯೂಟರಿನ ಲೆಕ್ಕದಲ್ಲಿ ಅವೆಲ್ಲ ಯಶಸ್ವಿ ಕರೆಗಳು. ಬೆಂಗಳೂರಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯ ಇಂಜಿನಿಯರು ಅರ್ಧ ಕೇಳುವಷ್ಟರಲ್ಲೇ, "ಕೇಬಲ್ ಫಾಲ್ಟು. ನಿಮ್ಮ ಕಡೆ ಮಳೆ ಬಿದ್ದಿರಬೇಕು, ಜಾಯಿಂಟ್‌ಗೆ ನೀರು ಹೋಗಿರುತ್ತೆ. ಚೆಕ್ ಮಾಡ್ಸಿ" ಎಂದರು. ಸಾಹೇಬರೂ ಅದನ್ನೇ ಒಪ್ಪಿದರು. ದೂರು ಕೊಡುವವರಿಗೆಲ್ಲ ಕೇಬಲ್ ಫಾಲ್ಟ್ ಎಂದು ಹೇಳಿಬಿಡಿ ಎಂದು ಅಕ್ಕನಿಗೆ ತಿಳಿಸಿದರು.

ಅಕ್ಕ ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟರು. "ಕೇಬಲ್ಲು ಅಂತ ಗೊತ್ತಾಯ್ತಾ ಸಾ?"

"ಹಾಗೇ ಇರಬೇಕು ಅಂತಿದ್ದಾರೆ."

"ಇರ್ಬೇಕು ಅಂತ ನಾನ್ ಜನಕ್ಕೆ ಹೆಂಗೇಳ್ಲಿ? ನೋಡ್ತಾವ್ರೆ ಅಂತ ಹೇಳ್ತೀನಿ. ಗೊತ್ತಾದ್ಮೇಲೆ ಗೊತ್ತಾಯ್ತು ಅಂತ ಹೇಳ್ತೀನಿ."

ಅಕ್ಕ ಮತ್ತೆ ಹೆಡ್‌ಫೋನ್ ಹಾಕಿಕೊಂಡರು. ನಾನು ಮರುದಿನ ಬೆಳಿಗ್ಗೆಯೇ ಅರಕಲಗೂಡಿನ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡಿಗೆ ಹತ್ತಿರವೇ ಒಂದು ಎಸ್‌ಟಿಡಿ ಬೂತಿತ್ತು. ಮೊದಲು ಅಲ್ಲಿಗೆ ಹೋದೆ. ಮನೆಯಲ್ಲಿ ಫೋನಿಲ್ಲದವರು ಬೂತಿನ ನಂಬರನ್ನು ನೆಂಟರಿಗೆ ಕೊಟ್ಟು, ಹೇಳಿದ ಹೊತ್ತಿಗೆ ಬಂದು ಕಾದು ಕೂರುತ್ತಿದ್ದ ಕಾಲ ಅದು. ಬೆಂಚಿನ ಮೇಲೆ ವಯಸ್ಸಾದ ಒಬ್ಬರು ಕೂತಿದ್ದರು. ಹೆಗಲ ಮೇಲೆ ಟವೆಲ್ಲು, ಕಾಲ ಬಳಿ ಒಂದು ಕೈಚೀಲ. ನಾನು ಬೂತಿನವನ ಜೊತೆ ಮಾತಾಡುತ್ತಿದ್ದಾಗಲೇ ಫೋನ್ ಬಂತು. ಬೂತಿನವನು ಎತ್ತಿ, "ನಿಮ್ಗೇ" ಎಂದು ಅವರ ಕೈಗೆ ಕೊಟ್ಟ.

"ಏನಾಯ್ತು ಏಳಪ್ಪ," ಎಂದರು ಅವರು. ಆಮೇಲೆ ಜೋರಾಗಿ, "ಕೇಳುಸ್ತಾ ಐತೆ, ಏಳು. ನಾನ್ ಕಣಪ್ಪ, ನಿಮ್ ಮಾವ. ಕೇಳುಸ್ತೈತೆ, ಏಳು." ಹೀಗೆ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರು. ಕೊನೆಗೆ ರಿಸೀವರನ್ನು ಕಿವಿಯಿಂದ ತೆಗೆದು ಅದರ ಕಡೆ ನೋಡಿದರು.

"ಇಟ್ಬುಟ್ಟ," ಎಂದು ನನಗೋ ಬೂತಿನವನಿಗೋ ಹೇಳಿದರು. "ಅವ್ನು ಅಲೋ ಅಲೋ ಅನ್ನಾದು ನಂಗ್ ಚೆನ್ನಾಗ್ ಕೇಳುಸ್ತೈತೆ. ನಂದು ಅವ್ನಿಗೆ ಕೇಳಾಕಿಲ್ಲ. ನೆನ್ನೆನೂ ಇಂಗೇ ಆಯ್ತು."

ಮಗಳನ್ನು ಹೆರಿಗೆಗೆಂದು ಹಾಸನದ ಆಸ್ಪತ್ರೆಗೆ ಸೇರಿಸಿದ್ದರಂತೆ. ಅಳಿಯ ಆಸ್ಪತ್ರೆಯ ಹತ್ತಿರದ ಯಾವುದೋ ಬೂತಿನಿಂದ ಮಾಡುತ್ತಿದ್ದಾನೆ. ಆ ಕಡೆ ಏನೂ ಕೇಳಿಸದೆ ಇದ್ದುದರಿಂದ, ಇಲ್ಲಿ ಯಾರೂ ಮಾತಾಡುತ್ತಿಲ್ಲ ಎಂದುಕೊಂಡು ಸುದ್ದಿ ಹೇಳದೆ ಇಟ್ಟುಬಿಡುತ್ತಿದ್ದಾನೆ. ಇವರಿಗೆ ತಿರುಗಿ ಮಾಡೋಣವೆಂದರೆ ಯಾವ ನಂಬರೆಂದು ಗೊತ್ತಿಲ್ಲ. ಮನೆಯಲ್ಲಿ ಎರಡು ಹಸುಗಳು, ಹಾಸಿಗೆ ಹಿಡಿದ ಹೆಂಡತಿ. ಬಿಟ್ಟು ಹೋಗುವ ಹಾಗಿಲ್ಲ.

ನಾನು ಆಸ್ಪತ್ರೆಯ ಹೆಸರು, ಮಗಳ ಹೆಸರು ಕೇಳಿಕೊಂಡು ಅದೇ ಫೋನಿನಿಂದ ಅಕ್ಕನಿಗೆ ಮಾಡಿದೆ. ಇಲ್ಲಿಂದ ಹೊರಗೆ ಹೋಗುವ ಕರೆಗೆ ಯಾವ ತೊಂದರೆಯೂ ಇರಲಿಲ್ಲ. ಅಕ್ಕನ ದನಿ ಪಕ್ಕದಲ್ಲೇ ಕೂತ ಹಾಗೆ ಕೇಳಿಸಿತು. "ಇಡ್ಬ್ಯಾಡ, ಇಂಗೇ ಇರು" ಎಂದು ಇನ್ನೊಂದು ಫೋನಿನಲ್ಲಿ ಆಸ್ಪತ್ರೆಗೆ ಮಾಡಿ, ವಾರ್ಡಿನ ನರ್ಸನ್ನು ಕರೆಸಿ ಮಾತಾಡಿದರು. ಆಮೇಲೆ, "ಆ ಯಜಮಾನ್ರಿಗೆ ಕೊಡು" ಎಂದರು.

ಅವರು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು. ಅಕ್ಕ ಏನು ಹೇಳಿದರೋ, ಅವರು "ಊಂ, ಊಂ" ಎನ್ನುತ್ತಿದ್ದರು. ಕೊನೆಗೆ, "ಒಳ್ಳೇದಾಗ್ಲಿ ಕಣವ್ವ" ಎಂದು ನನ್ನ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಹೆಣ್ಮಗ," ಎಂದರು. "ನೆನ್ನೆ ಬೆಳಿಗ್ಗೆನೇ ಆಗೈತೆ."

ಒಂದು ಇಡೀ ದಿನ ಆ ಮನುಷ್ಯ ಈ ಬೂತಿಗೂ ಮನೆಗೂ ಓಡಾಡಿದ್ದರು. ಮಗಳು ಬದುಕಿದ್ದಾಳೋ ಇಲ್ಲವೋ ತಿಳಿಯದೆ. ನಮ್ಮ ಕಂಪ್ಯೂಟರು ಆ ಎರಡೂ ಕರೆಗಳನ್ನು ಯಶಸ್ವಿ ಎಂದು ಎಣಿಸಿತ್ತು. ಇದನ್ನು ಸರಿಮಾಡದೆ ಬಿಡಬಾರದು ಎಂದು ನನಗೆ ಗಟ್ಟಿಯಾದದ್ದು ಆ ಬೂತಿನಲ್ಲಿಯೇ.

ಅರಕಲಗೂಡಿನ ನಮ್ಮ ಮೆಕ್ಯಾನಿಕ್ ಕೇಬಲನ್ನು ಅಳೆದು ತೋರಿಸಿದ. ಒಂದು ಹನಿ ನೀರಿನ ಸುಳಿವೂ ಇರಲಿಲ್ಲ. ಆದರೆ ಅದನ್ನು ಹೇಳಿದರೆ ಬೆಂಗಳೂರಿನವರು ಇನ್ನೊಮ್ಮೆ ಅಳೆಯಿರಿ ಎನ್ನುತ್ತಾರೆ. ಹಾಸನಕ್ಕೆ ವಾಪಸು ಹೋಗುವ ಬದಲು ನಾನು ಹೊಳೆನರಸೀಪುರದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ಒಂದು ವಿಷಯ ಹೊಳೆದಿತ್ತು. ಅರಕಲಗೂಡಿಗೆ ಮಾತು ಹೋಗುವುದು ನೆಲದಡಿಯ ಕೇಬಲಿನಲ್ಲಿ. ಹೊಳೆನರಸೀಪುರಕ್ಕೆ ಆಗ ಕೇಬಲ್ ಇರಲಿಲ್ಲ. ಅಲ್ಲಿಗೆ ಹೋಗುತ್ತಿದ್ದುದು ಟವರಿನಿಂದ ಟವರಿಗೆ, ಗಾಳಿಯಲ್ಲಿ.

ಹೊಳೆನರಸೀಪುರದ ಎಕ್ಸ್‌ಚೇಂಜಿನಲ್ಲಿ ಕೂತು, ಹಾಸನದಿಂದ ಮಾಡುತ್ತಲೇ ಇರುವಂತೆ ಅಕ್ಕನಿಗೆ ಹೇಳಿದೆ. ಮೊದಮೊದಲು ಚೆನ್ನಾಗಿಯೇ ಬಂತು. ನಾನು ನಿರಾಸೆಯಿಂದ ಏಳುವವಳಿದ್ದೆ. ಆಮೇಲೆ ಬಂದ ಕರೆಯಲ್ಲಿ ಅಕ್ಕ ಅಲೋ ಎನ್ನುತ್ತಲೇ ಇದ್ದರು. ನಾನು ಕೂಗಿದ್ದು ಅವರಿಗೆ ತಲುಪಲೇ ಇಲ್ಲ. ಅರಕಲಗೂಡಿನಷ್ಟು ಹೆಚ್ಚಲ್ಲ, ಆಗಾಗ. ಆದರೆ ದೋಷ ಅದೇ. ಸಂಜೆ ಅಮ್ಮನ ಮನೆಯಲ್ಲಿ ಉಳಿದು, ಮರುದಿನ ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲಿಯೂ ಹಾಗೆಯೇ.

ಸಾಹೇಬರ ಮುಂದೆ ನಿಂತು ಹೇಳಿದೆ. "ಸರ್, ಹೊಳೆನರಸೀಪುರಕ್ಕೆ ಕೇಬಲ್ಲೇ ಇಲ್ಲ. ಅಲ್ಲೂ ಇದೇ ಆಗ್ತಿದೆ. ಮೂರೂ ಊರಿಗೆ ಸಾಮಾನ್ಯವಾಗಿರೋದು ನಮ್ಮ ಹೊಸ ಸಾಫ್ಟ್‌ವೇರು ಒಂದೇ. ಹಳೇದಕ್ಕೆ ವಾಪಸ್ ಹೋಗಬೇಕು."

ಅವರು ಕನ್ನಡಕ ತೆಗೆದು ಒರೆಸಿದರು. ಬೆಂಗಳೂರಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು. ಇಟ್ಟ ಮೇಲೆ, "ಬೇಡ ಅಂತಿದ್ದಾರೆ ಮೇಡಂ. ಬೇರೆ ಜಿಲ್ಲೇಲಿ ಯಾರೂ ಹೇಳಿಲ್ವಂತೆ. ತಿದ್ದಿದ್ದು ಕಳಿಸ್ತೀವಿ, ಅಲ್ಲೀವರೆಗೂ ಇರಲಿ ಅಂತಾರೆ" ಎಂದರು.

"ಯಾವಾಗ ಕಳಿಸ್ತಾರಂತೆ?"

"ಅದು ಹೇಳಲಿಲ್ಲ."

"ಹಾಗಾದ್ರೆ ಅಲ್ಲೀವರೆಗೂ ಅರಕಲಗೂಡಿನವರು ಏನು ಮಾಡ್ಬೇಕು ಸರ್?"

ಅವರಿಗೆ ಹೆದರಿಕೆಯಿದ್ದದ್ದರಲ್ಲಿ ತಪ್ಪಿರಲಿಲ್ಲ. ವಾಪಸು ಹೋಗುವುದೆಂದರೆ ಸುಲಭದ ಮಾತಲ್ಲ. ಇಡೀ ಎಕ್ಸ್‌ಚೇಂಜನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು. ಹಾಸನದ ಒಂದೇ ಒಂದು ಫೋನಿನಲ್ಲೂ ಆಗ ಶಬ್ದವಿರುವುದಿಲ್ಲ. ಹಳೆಯ ಟೇಪು ಸರಿಯಾಗಿ ಓದಿಕೊಳ್ಳದಿದ್ದರೆ ಇರುವುದೂ ಹೋಗುತ್ತದೆ. ಅದರ ಮೇಲೆ, ಹೊಸ ಸಾಫ್ಟ್‌ವೇರು ಹಾಕಿದ ನಂತರ ಕೊಟ್ಟ ಹೊಸ ಫೋನುಗಳೊಂದೂ ಹಳೆಯದಕ್ಕೆ ಗೊತ್ತಿರುವುದಿಲ್ಲ. ಅವೆಲ್ಲ ಸತ್ತು, ಒಂದೊಂದಾಗಿ ಮತ್ತೆ ಸೇರಿಸಬೇಕು. ವರ್ಷಗಟ್ಟಲೆ ಕಾದು ಫೋನ್ ಪಡೆದವರಿಗೆ ಏನೆಂದು ಹೇಳುವುದು?

"ವಾಪಸ್ ಹೋಗೋ ಆದೇಶಕ್ಕೆ ನಾನು ಸಹಿ ಮಾಡೋಕಾಗಲ್ಲ," ಎಂದರು ಸಾಹೇಬರು.

"ನಾನು ಮಾಡ್ತೀನಿ ಸರ್. ಎಕ್ಸ್‌ಚೇಂಜಿನ ಉಸ್ತುವಾರಿ ನನ್ನದು. ಸೇವೆ ಕೆಟ್ಟರೆ ಹಳೇದಕ್ಕೆ ಹೋಗೋ ಅಧಿಕಾರ ಉಸ್ತುವಾರಿಯವರಿಗಿದೆ ಅಂತ ನಿಯಮದಲ್ಲೇ ಇದೆ. ನೀವು ಬೇಡ ಅನ್ನದಿದ್ದರೆ ಸಾಕು."

ಅವರು ಕಿಟಕಿಯ ಕಡೆ ತಿರುಗಿದರು. "ಬೇಡ ಅಂತ ನಾನು ಅಂದಿಲ್ಲ," ಎಂದರು.

ಯಾವ ಹೊತ್ತಿನಲ್ಲಿ ಮಾಡುವುದು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ರಾತ್ರಿ ಮಾಡೋಣವೆಂದರೆ ಆಗ ಎಸ್‌ಟಿಡಿ ದರ ಕಡಿಮೆ. ಬೂತುಗಳ ಮುಂದೆ ಜನ ಸಾಲು ನಿಂತಿರುತ್ತಿದ್ದರು. ಹಗಲಲ್ಲಿ ಅಂಗಡಿ, ಕಚೇರಿ. ಅಕ್ಕನೇ ಒಂದು ದಿನ ಊಟದ ಡಬ್ಬಿ ಬಿಚ್ಚುತ್ತ, "ಭಾನುವಾರ ಟೀವೀಲಿ ಸಿನಿಮಾ ಬತ್ತದಲ್ಲ, ಆಗ ನಂಗೆ ಒಬ್ರೂ ಬೈಯಾಕಿಲ್ಲ ಕಣವ್ವ" ಎಂದು ನಕ್ಕರು. ನಾನು ಕಂಪ್ಯೂಟರಿನಲ್ಲಿ ಹಿಂದಿನ ಭಾನುವಾರಗಳನ್ನು ತೆಗೆದು ನೋಡಿದೆ. ನಿಜ, ಸಂಜೆ ಸಿನಿಮಾ ಶುರುವಾದ ಕೂಡಲೇ ಕರೆಗಳು ಇಳಿದುಹೋಗುತ್ತಿದ್ದವು.

ಭಾನುವಾರವೇ ಎಂದು ಗೊತ್ತುಮಾಡಿದೆ. ಶನಿವಾರ ಆಸ್ಪತ್ರೆಗಳಿಗೆ, ಪೊಲೀಸ್ ಠಾಣೆಗೆ, ಅಗ್ನಿಶಾಮಕದವರಿಗೆ ನಾನೇ ಹೋಗಿ ತಿಳಿಸಿ ಬಂದೆ. ಠಾಣೆಯಲ್ಲಿ ವೈರ್‌ಲೆಸ್ ಇತ್ತು. ತುರ್ತಾದರೆ ಆಸ್ಪತ್ರೆಯವರು ಅಲ್ಲಿಗೆ ಆಳು ಕಳಿಸುವುದೆಂದು ಒಪ್ಪಿಕೊಂಡರು. ಮೂರು ತಾಲ್ಲೂಕಿನ ಮೆಕ್ಯಾನಿಕ್‌ಗಳಿಗೂ ತಮ್ಮ ತಮ್ಮ ಎಕ್ಸ್‌ಚೇಂಜಿನಲ್ಲಿ ಕೂತಿರಲು ಹೇಳಿದೆ. ಆ ಭಾನುವಾರ ಅಕ್ಕನಿಗೆ ರಜೆಯ ಸರದಿ. "ನಾನೂ ಬತ್ತೀನಿ" ಎಂದು ಶಾಂತಿಗ್ರಾಮದಿಂದ ಬಂದರು.

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ ಸಾಹೇಬರ ಸ್ಕೂಟರು ಬಂದು ನಿಂತಿತು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಒಳಗೆ ಬಂದು ನನ್ನ ಹಿಂದೆ ಒಂದು ಸ್ಟೂಲ್ ಎಳೆದುಕೊಂಡು ಕೂತರು.

ನಮ್ಮ ಯಂತ್ರಕ್ಕೆ ಎರಡು ಮಿದುಳಿದ್ದವು. ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಅದನ್ನೇ ನೋಡುತ್ತ ಸಿದ್ಧವಾಗಿ ನಿಂತಿರುತ್ತಿತ್ತು. ಸಿದ್ಧವಾಗಿ ನಿಂತಿದ್ದನ್ನು ಬೇರ್ಪಡಿಸಿ ಅದಕ್ಕೆ ಹಳೆಯ ಟೇಪನ್ನು ಓದಿಸಲು ಶುರುಮಾಡಿದೆ. ಅದು ಓದಿ ಮುಗಿಸುವವರೆಗೆ ಊರಿಗೆ ಏನೂ ಗೊತ್ತಾಗುವುದಿಲ್ಲ. ಟೇಪು ತಿರುಗಿತು. ಅರ್ಧಕ್ಕೆ ಬಂದು ನಿಂತಿತು. ಓದಲಾಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು.

ಸಾಹೇಬರು ಸ್ಟೂಲಿನಿಂದ ಎದ್ದರು. "ಇಲ್ಲಿಗೇ ನಿಲ್ಲಿಸೋಣವಾ? ಇನ್ನೂ ಏನೂ ಕೆಟ್ಟಿಲ್ಲ."

"ಇನ್ನೊಂದು ಸಲ ನೋಡ್ತೀನಿ ಸರ್."

ಟೇಪು ಓದುವ ಭಾಗವನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಮತ್ತೊಂದು ಚೂರು ಹತ್ತಿ, ಮತ್ತೊಂದು, ಬೆಳ್ಳಗೆ ಬರುವವರೆಗೆ. ಮತ್ತೆ ಮೊದಲಿನಿಂದ ಓದಿಸಿದೆ. ಹಿಂದಿನ ಸಲ ನಿಂತ ಜಾಗವನ್ನು ದಾಟಿತು. ಕೊನೆಯವರೆಗೂ ಓದಿ ಮುಗಿಸಿತು.

ಈಗ ಒಂದು ಆಜ್ಞೆ ಕೊಟ್ಟರೆ ಹೊಸ ಸಾಫ್ಟ್‌ವೇರಿನ ಮಿದುಳು ಇಳಿದು, ಹಳೆಯದನ್ನು ಓದಿಕೊಂಡ ಮಿದುಳು ಏರುತ್ತದೆ. ನಡುವೆ ಎಲ್ಲ ನಿಲ್ಲುತ್ತದೆ. ನಾನು ಹಿಂದೆ ತಿರುಗಿ ನೋಡಿದೆ. ಸಾಹೇಬರು ತಲೆಯಾಡಿಸಿದರು. ಒತ್ತಿದೆ.

ಎಕ್ಸ್‌ಚೇಂಜು ಕೆಲಸ ಮಾಡುವಾಗ ಸಣ್ಣಗೆ ಟಿಕ್‌ಟಿಕ್ ಎನ್ನುವ ಸದ್ದು ಸದಾ ಇರುತ್ತದೆ. ಅದು ಇದೆಯೆಂದೇ ನಮಗೆ ಮರೆತುಹೋಗಿತ್ತು. ಅದು ನಿಂತಾಗ ಏಸಿಯ ಗಾಳಿಯ ಸದ್ದೊಂದೇ ಉಳಿಯಿತು. ಪಕ್ಕದ ಕೋಣೆಯಲ್ಲಿ ಅಕ್ಕ ರಿಸೀವರನ್ನು ಕಿವಿಗಿಟ್ಟುಕೊಂಡು ಕೂತಿದ್ದುದು ಬಾಗಿಲಿಂದ ಕಾಣುತ್ತಿತ್ತು. ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಮೇಲೇರುತ್ತಿದ್ದವು. ನಾನು ಕೈಯೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ, ಅವಸರಕ್ಕೆ ಏನನ್ನಾದರೂ ಒತ್ತಿಬಿಟ್ಟೇನೆಂದು.

"ಬಂತು ಕಣವ್ವ," ಎಂದರು ಅಕ್ಕ ಮೆತ್ತಗೆ. "ಟೋನ್ ಬಂತು."

ಅವರು ಮೊದಲು ಮಾಡಿದ್ದು ಅರಕಲಗೂಡಿಗೆ. ಆ ಕಡೆಯ ಮೆಕ್ಯಾನಿಕ್ ಮಾತಾಡಿದ್ದು ಕೇಳಿಸಿತೆಂದು ಕೈಯೆತ್ತಿ ತೋರಿಸಿದರು. ಆಮೇಲೆ ಹೊಳೆನರಸೀಪುರ, ಚನ್ನರಾಯಪಟ್ಟಣ. ಮತ್ತೆ ಅರಕಲಗೂಡು. ಸಿನಿಮಾ ಮುಗಿದು ಊರೆಲ್ಲ ಫೋನ್ ಎತ್ತಿಕೊಳ್ಳುವವರೆಗೂ ನಾವು ಮಾಡುತ್ತಲೇ ಇದ್ದೆವು. ಒಂದು ಕರೆಯೂ ಮೂಕವಾಗಲಿಲ್ಲ. ಸಾಹೇಬರು ಹೊರಗೆ ಹೋಗಿ ಮೂವರಿಗೂ ಕಾಫಿ ತರಿಸಿದರು.

ಸೋಮವಾರ ಬೆಳಿಗ್ಗೆ ಹೊಸ ಫೋನಿನವರ ಸರದಿ. ಹೊಳೆನರಸೀಪುರದ ಪಕ್ಕದ ಹಳ್ಳಿಯ ಒಬ್ಬರು ಟೆಲಿಫೋನ್ ಯಂತ್ರವನ್ನೇ ಚೀಲದಲ್ಲಿಟ್ಟುಕೊಂಡು ಹಾಸನಕ್ಕೆ ಬಂದುಬಿಟ್ಟಿದ್ದರು. ಅದನ್ನು ನನ್ನ ಮೇಜಿನ ಮೇಲಿಟ್ಟು, "ನಾಕ್ ದಿನ ಮಾತಾಡ್ಬುಟ್ಟು ಸತ್ತೋಯ್ತು ಮೇಡಮ್ಮೋರೇ. ಬ್ಯಾರೇದ್ ಕೊಡಿ" ಎಂದರು. ಯಂತ್ರ ಸರಿಯಾಗಿದೆ, ನಾವೇ ನಿಮ್ಮ ನಂಬರನ್ನು ಮತ್ತೆ ಸೇರಿಸಬೇಕಾಗಿದೆ ಎಂದು ವಿವರಿಸಿದೆ. ಅವರು ನಂಬಲಿಲ್ಲ. ಅವರ ಎದುರಿಗೇ ಅವರ ನಂಬರನ್ನು ಸೇರಿಸಿ, ಯಂತ್ರವನ್ನು ಅವರ ಚೀಲಕ್ಕೇ ಹಾಕಿ ಕಳಿಸಿದೆ. ಮಧ್ಯಾಹ್ನ ಅವರದೇ ಮನೆಯಿಂದ ಫೋನ್ ಬಂತು. "ಇದೇ ಡಬ್ಬಿ ಸರಿಯಾಗೋಯ್ತಲ್ಲ" ಎಂದು ಅನುಮಾನದ ದನಿಯಲ್ಲೇ ಹೇಳಿದರು. ಅಂದಿನಿಂದ ಎಲ್ಲ ಫೋನುಗಳೂ ಸೇರುವವರೆಗೆ ನಾನು ಮನೆಗೆ ಊಟಕ್ಕೆ ಹೋಗಲಿಲ್ಲ. ಅಕ್ಕ ತಮ್ಮ ರಾಗಿಮುದ್ದೆಯ ಡಬ್ಬಿಯಲ್ಲಿ ನನಗೂ ಪಾಲು ಹಾಕಿದರು.

ಬೆಂಗಳೂರಿನಿಂದ ವಿವರಣೆ ಕೇಳಿ ಮೆಮೊ ಬಂತು. ಯಾರ ಅನುಮತಿಯ ಮೇಲೆ ಹಿಂದಕ್ಕೆ ಹೋದಿರಿ ಎಂದು ಕೇಳಿದ್ದರು. ಸಾಹೇಬರು ನನ್ನನ್ನು ಕರೆದು, ತಾಂತ್ರಿಕ ಅನಿವಾರ್ಯತೆ ಎಂದೇನಾದರೂ ಸುತ್ತಿಬಳಸಿ ಬರೆಯಿರಿ ಎಂದರು. ನಾನು ಹಾಗೆ ಬರೆಯಲಿಲ್ಲ. ಕೇಬಲ್ ಇಲ್ಲದ ಊರಿನಲ್ಲೂ ದೋಷ ಕಂಡದ್ದು, ಮೂರೂ ಊರಿಗೆ ನಾನೇ ಹೋಗಿ ಕೇಳಿದ್ದು, ಹಿಂದಕ್ಕೆ ಹೋದ ಮೇಲೆ ದೋಷ ನಿಂತದ್ದು, ತೀರ್ಮಾನ ನನ್ನದೇ ಎಂಬುದು, ಇಷ್ಟನ್ನು ಬರೆದು ಸಹಿ ಹಾಕಿದೆ. ನನ್ನ ಸಹಿಯ ಕೆಳಗೆ ಸಾಹೇಬರು ಪೆನ್ನು ತೆಗೆದು, "ನನಗೆ ತಿಳಿದೇ ನಡೆದಿದೆ" ಎಂದು ಬರೆದು ತಾವೂ ಸಹಿ ಮಾಡಿದರು. ನಾನು ಕೇಳಿರಲಿಲ್ಲ.

ನನಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಅದನ್ನು ಹಿಂದಕ್ಕೆ ಪಡೆದರೆಂದು ಯಾರೂ ನನಗೆ ಹೇಳಲಿಲ್ಲ. ಬೇಸಿಗೆಯ ಹೊತ್ತಿಗೆ ತಿದ್ದಿದ ಸಾಫ್ಟ್‌ವೇರು ಬಂತು. ದೂರದ ಘಟಕಗಳಿಗೆ, ಅಂದರೆ ತಾಲ್ಲೂಕುಗಳ ಮರಿಗಳಿಗೆ, ಮಾತಿನ ದಾರಿ ಹಂಚುವ ಭಾಗವನ್ನು ಬದಲಿಸಿದೆ ಎಂದು ಅದರ ಜೊತೆಯ ಟಿಪ್ಪಣಿಯಲ್ಲಿತ್ತು. ಹಾಸನದ ಹೆಸರು ಎಲ್ಲಿಯೂ ಇರಲಿಲ್ಲ. ಈ ಸಲ ಬೆಂಗಳೂರಿನವರು ಬಸ್ಸು ಹತ್ತುವ ಮುಂಚೆ, ಮೂರು ತಾಲ್ಲೂಕಿನಿಂದಲೂ ಎರಡೂ ಕಡೆಯ ಮಾತು ಕೇಳಿದ ಮೇಲೆಯೇ ಹೊರಡಬೇಕೆಂದು ನಾನು ಪಟ್ಟು ಹಿಡಿದೆ. ಅವರು ಗೊಣಗಿದರು. ಒಂದು ರಾತ್ರಿ ಹಾಸನದಲ್ಲೇ ಉಳಿದರು. ಆಮೇಲಿನ ವರ್ಷಗಳಲ್ಲಿ ಮೈಸೂರಿಗೂ ಬೆಂಗಳೂರಿಗೂ ವರ್ಗವಾಗಿ ಇನ್ನೂ ದೊಡ್ಡ ಯಂತ್ರಗಳ ಮುಂದೆ ಕೂತೆ. ಹಿಂದಕ್ಕೆ ಹೋಗಬೇಕಾದ ಸಂದರ್ಭಗಳು ಮತ್ತೂ ಬಂದವು. ಹೋದೆ. ಹೊಸದಾಗಿ ಸೇರಿದ ಇಂಜಿನಿಯರುಗಳು ಅದನ್ನು ಸೋಲೆಂದು ತಿಳಿದು ಮುಖ ಸಣ್ಣ ಮಾಡಿಕೊಂಡರೆ, ಮೊದಲು ಹೋಗಿ ಆ ಕಡೆಯ ಫೋನಿನಲ್ಲಿ ಕೂತು ಕೇಳಿ ಬನ್ನಿ ಎಂದು ಕಳಿಸುತ್ತಿದ್ದೆ.

ಅಕ್ಕ ಮರುವರ್ಷವೇ ನಿವೃತ್ತರಾದರು. ಶಾಂತಿಗ್ರಾಮದಲ್ಲಿ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದರು. ಹಾಸನಕ್ಕೆ ಹೋದಾಗಲೆಲ್ಲ ನಾನು ಅಲ್ಲಿ ಬಸ್ಸಿಳಿದು ಅವರ ಮನೆಗೆ ಹೋಗಿ ಬರುತ್ತಿದ್ದೆ. ಎಕ್ಸ್‌ಚೇಂಜಿನ ಮಾತು ಅಪರೂಪಕ್ಕೆ ಬರುತ್ತಿತ್ತು. ಹೆಚ್ಚಾಗಿ ಹಸುಗಳದೇ ಮಾತು, ಯಾವುದು ಗಬ್ಬವಾಗಿದೆ, ಯಾವುದು ಒದೆಯುತ್ತದೆ ಎಂದು. ನಾನು ಹೊರಟು ನಿಂತರೆ, "ಇರು, ಮಜ್ಜಿಗೆ ಕುಡ್ಕೊಂಡು ಓಗೀವಂತೆ" ಎಂದು ಒಳಗೆ ಹೋಗುತ್ತಿದ್ದರು.